ಅರ್ಧ ಹೆಜ್ಜೆ ಹಿಂದೆ

ಕಳಸಾಪುರದ ಮಂಜವ್ವನ ಕಣ್ಣೆದುರೇ ಅವಳ ಗಂಡ ಅಂದಪ್ಪ ಸತ್ತ. ಇಬ್ಬರೂ ಮೊಪೆಡ್ಡಿಗೆ ಮೆಂತ್ಯೆ ಸೊಪ್ಪಿನ ಗಂಟು ಕಟ್ಟಿಕೊಂಡು ಬೆಟಗೇರಿಗೆ ಮಾರಲು ಹೊರಟಿದ್ದಾಗ ಹಿಂದಿನಿಂದ ಬಿಳಿ ಕಾರು ಗುದ್ದಿತು. ಓಡಿಸುತ್ತಿದ್ದವನು ಇಳಿದು ಬಂದ, ಅಂದಪ್ಪನನ್ನು ನೋಡಿದ, ಅವಳನ್ನೂ ನೋಡಿದ, ಮತ್ತೆ ಹತ್ತಿ ಹೋದ. ಒಂದು ಗುಟುಕು ನೀರು ಕೊಡಲೂ ನಿಲ್ಲಲಿಲ್ಲ.

ಕಾರು ಲಕ್ಷ್ಮೇಶ್ವರದ ಸೋಮೇಶಪ್ಪನವರದು. ಗದಗಿನ ಎಪಿಎಂಸಿಯಲ್ಲಿ ದೊಡ್ಡ ದಲಾಲಿ ಅಂಗಡಿ, ಮುಂಡರಗಿಯಲ್ಲಿ ಹತ್ತಿ ಜಿನ್ನಿಂಗ್ ಮಿಲ್ಲು. ಎಲ್ಲಾ ಪಕ್ಷದವರೂ ಮನೆಗೆ ಬಂದು ಉಂಡು ಹೋಗುವಂಥ ಕುಳ. ಸಂಜೆಯೊಳಗೆ ಅವರ ಡ್ರೈವರ್ ಯಲ್ಲೇಶ ಠಾಣೆಗೆ ಬಂದು, ಓಡಿಸುತ್ತಿದ್ದವನು ನಾನೇ ಎಂದು ಒಪ್ಪಿಕೊಂಡ. ಪೊಲೀಸರಿಗೆ ನೀರು ಕುಡಿದಷ್ಟು ಸಲೀಸಾಯಿತು.

“ಈ ಹುಡುಗ ಅಲ್ರೀ,” ಎಂದಳು ಮಂಜವ್ವ. “ಇಳದಾಂವ ವಯಸ್ಸಾದಾಂವ, ದಪ್ಪ ಮೀಸಿಯಾಂವ. ಕಂಡ್ರ ಗುರ್ತಾ ಹಿಡಿತೀನಿ.”

ಊರಿನವರು ಹೆಣ ಇಟ್ಟುಕೊಂಡು ರಸ್ತೆಯಲ್ಲಿ ಕೂತ ಮೇಲೆ ಸೋಮೇಶಪ್ಪನವರ ಬಂಧನವಾಯಿತು. ಆದ ಕೂಡಲೇ ಅವರಿಗೆ ಎದೆನೋವೂ ಬಂತು. ದೊಡ್ಡವರ ಎದೆ ಜೈಲಿನ ಬಾಗಿಲು ಕಂಡಾಗಲೇ ನೋಯುವುದು ಯಾಕೋ, ಡಾಕ್ಟರರೇ ಹೇಳಬೇಕು. ಆಸ್ಪತ್ರೆಯ ಎಸಿ ಕೋಣೆಯಲ್ಲಿ ಆರಾಮ ಮಾಡಿ ಮುಗಿಸಿದ ಮೇಲೆ ಜೈಲಿನಲ್ಲಿ ಗುರುತಿನ ಪರೇಡು ಇಟ್ಟರು.

ಪರೇಡು ಎಂದರೆ ಇಷ್ಟೇ: ಆರೋಪಿಯನ್ನು ಅವನಂಥದೇ ಮೈಕಟ್ಟಿನವರ ಸಾಲಿನಲ್ಲಿ ನಿಲ್ಲಿಸುತ್ತಾರೆ, ಸಾಕ್ಷಿ ಬಂದು ಅವನನ್ನು ಮುಟ್ಟಿ ತೋರಿಸಬೇಕು. ಅದನ್ನು ನಡೆಸಲು ಬಂದ ತಹಶೀಲ್ದಾರರು ನಿಯತ್ತಿನ ಮನುಷ್ಯ. ಎಲ್ಲರಿಗೂ ಒಂದೇ ಬಗೆಯ ಬಿಳಿ ಅಂಗಿ ತೊಡಿಸಿದರು, ಚಪ್ಪಲಿ ಬಿಡಿಸಿದರು. ಆದರೆ ದಪ್ಪ ಮೀಸೆಯವರನ್ನು ಹುಡುಕಿ ತರುವ ಕೆಲಸ ಪೇದೆಯದು. ಅವನು ಹತ್ತಿರವೇ ಇದ್ದ ಎಪಿಎಂಸಿಗೆ ಹೋಗಿ ಹಮಾಲರನ್ನೂ ಗುಮಾಸ್ತರನ್ನೂ ಕರೆತಂದ. ಅವರೆಲ್ಲ ಸೋಮೇಶಪ್ಪನವರಿಗೆ ದಿನಾ ನಮಸ್ಕಾರ ಹಾಕುವ ಮಂದಿ.

“ಸಾಲಾಗಿ ನಿಂದರ್ರಿ,” ಎಂದರು ತಹಶೀಲ್ದಾರರು. ನಿಂತರು. ಧಣಿಯ ಭುಜಕ್ಕೆ ಭುಜ ಕೊಟ್ಟು ನಿಲ್ಲುವುದು ಹೇಗೆ? ಒಬ್ಬ ಅರ್ಧ ಹೆಜ್ಜೆ ಹಿಂದೆ ಸರಿದ, ಅವನನ್ನು ನೋಡಿ ಇನ್ನೊಬ್ಬ. ತಹಶೀಲ್ದಾರರ ಕಣ್ಣಿಗೆ ಅದು ಬೀಳಲೇ ಇಲ್ಲ. ಹುಟ್ಟಿದಾಗಿನಿಂದ ನೋಡುತ್ತ ಬಂದದ್ದು ಯಾರ ಕಣ್ಣಿಗೆ ಬೀಳುತ್ತದೆ?

ಮಂಜವ್ವ ಒಳಗೆ ಬಂದವಳೇ ಮುಖ ನೋಡಿದಳು. ಅದೇ ಮುಖ. ನೇರ ಹೋಗಿ ಕೈಯನ್ನು ಅವರ ಭುಜದ ಮೇಲಿಟ್ಟಳು.

“ತಪ್ಪು ತಿಳಕೊಂಡಿ, ತಂಗಿ,” ಎಂದರು ಸೋಮೇಶಪ್ಪ, ಮೆಲ್ಲಗೆ.

“ಇಲ್ಲರಿ,” ಎಂದಳು.

ಕೇಸು ಗದಗಿನ ಕೋರ್ಟಿಗೆ ಬರುವ ಹೊತ್ತಿಗೆ ಸಾಕ್ಷಿಯಾಗಿ ಉಳಿದಿದ್ದವಳು ಅವಳೊಬ್ಬಳೇ. ಪಕ್ಕದ ಮನೆಯ ಮಹಬೂಬಸಾಬ ಜೊತೆಗೆ ಬಂದಿದ್ದ. “ಹೆದರಬ್ಯಾಡಬೇ ಅಕ್ಕಾ. ಖರೆ ಇದ್ದದ್ದು ಹೇಳು, ಆತು,” ಎಂದು ಧೈರ್ಯ ತುಂಬಿದ್ದ.

ಸೋಮೇಶಪ್ಪನವರ ವಕೀಲರು ಅವಳನ್ನು ಗದರಿಸಲಿಲ್ಲ. ಮಗಳನ್ನು ಮಾತಾಡಿಸುವಂತೆ ಕೇಳಿದರು.

“ಪರೇಡಿನ್ಯಾಗ ನಮ್ಮ ಸಾಹೇಬ್ರು ಎಲ್ಲಿ ನಿಂತಿದ್ರವಾ?”

“ನಡುವಿನ್ಯಾಗರಿ.”

“ಉಳಿದವರು ಅವರ ಸರಿಸಮ ನಿಂತಿದ್ರೋ, ಹಿಂದ ಇದ್ರೋ?”

ಮಂಜವ್ವ ನೆನಪು ಮಾಡಿಕೊಂಡಳು. ಖರೆ ಹೇಳಬೇಕಲ್ಲ. “ಚೂರು ಹಿಂದ ಇದ್ರರಿ.”

“ಎಲ್ಲಾರೂ?”

“ಹೌದ್ರಿ. ಅವರೆಲ್ಲಾ ದುಡಿಯೂ ಮಂದಿ. ಧಣ್ಯಾರ ಜೋಡಿ ಸರಿಸಮ ಹೆಂಗ ನಿಂದರ್ತಾರ್ರಿ?”

ವಕೀಲರು ಕೈಮುಗಿದು ಕುಳಿತರು. ಯಾರ ಕಣ್ಣಿಗೂ ಬೀಳದ ಆ ಅರ್ಧ ಹೆಜ್ಜೆ ಸೋಮೇಶಪ್ಪನವರಿಗೆ ಮಾತ್ರ ಅವತ್ತೇ ಕಂಡಿತ್ತು. ಅವರು ಅದನ್ನು ಜೋಪಾನವಾಗಿ ಇಟ್ಟುಕೊಂಡಿದ್ದರು.

ನ್ಯಾಯಾಧೀಶರು ತೀರ್ಪು ಓದಿದರು. ಆರೋಪಿಯನ್ನು ಉಳಿದವರಿಗಿಂತ ಎದ್ದು ಕಾಣುವಂತೆ ನಿಲ್ಲಿಸಿದ ಪರೇಡು ನಂಬಲರ್ಹವಲ್ಲ, ಬೇರೆ ಸಾಕ್ಷ್ಯವಿಲ್ಲ, ಸಂಶಯದ ಲಾಭ ಆರೋಪಿಗೆ, ಬಿಡುಗಡೆ. ಕಾನೂನಿನ ಪ್ರಕಾರ ನ್ಯಾಯಾಧೀಶರದೇನೂ ತಪ್ಪಿರಲಿಲ್ಲ.

ಮಂಜವ್ವನಿಗೆ ಮೊದಲು ತಿಳಿಯಲಿಲ್ಲ. ಮಹಬೂಬಸಾಬ ವರಾಂಡದಲ್ಲಿ ನಿಲ್ಲಿಸಿ ಬಿಡಿಸಿ ಹೇಳಿದ. “ಅಂವಗ ಮರ್ಯಾದಿ ಕೊಟ್ಟು ಹಿಂದ ಸರದ್ರಲ್ಲ, ಅದ ಅವನ್ನ ಉಳಸೇತಿ.”

ಅವಳಿಗೆ ಆ ಹಮಾಲರ ಮೇಲೆ, ಗುಮಾಸ್ತರ ಮೇಲೆ ಸಿಟ್ಟು ಬಂತು. “ಬೆನ್ನೆಲುಬಿಲ್ಲದ ಮಂದಿ,” ಎಂದಳು. “ಒಂದು ತಾಸು ನೆಟ್ಟಗ ನಿಂದರಾಕ ಏನಾಗಿತ್ತು ಅವರಿಗೆ?”

ಅಷ್ಟರಲ್ಲಿ ಕೋರ್ಟಿನ ಬಾಗಿಲು ತೆರೆದು ಸೋಮೇಶಪ್ಪ ಹೊರಬಂದರು. ವರಾಂಡದ ತುಂಬ ಜನ. ಕಕ್ಷಿದಾರರು, ಪೇದೆಗಳು, ಚಹಾದವನು, ಎಲ್ಲರೂ ಎರಡೂ ಕಡೆ ಸರಿದು ದಾರಿ ಬಿಟ್ಟರು. ನ್ಯಾಯಾಧೀಶರನ್ನೇ ಕರೆದು, ನೋಡ್ರಿ, ಅವತ್ತೂ ಹಿಂಗ ನಿಂತಿದ್ರು ಎಂದು ತೋರಿಸಬೇಕು ಅನ್ನಿಸಿತು ಅವಳಿಗೆ.

ಸೋಮೇಶಪ್ಪ ಅವಳೆದುರಿಗೇ ಹಾದರು. ಹೋಗುತ್ತ, “ಆರಾಮ ಇದ್ದೀಯೇನವಾ?” ಎಂದು ಕೇಳಿದರು.

ಬಾಯಿ ತೆರೆಯಬೇಕೆಂದಾಗ ಮಂಜವ್ವನ ಬೆನ್ನಿಗೆ ಏನೋ ತಣ್ಣಗೆ ತಾಗಿತು. ತಿರುಗಿ ನೋಡಿದಳು. ಗೋಡೆ. ಯಾವಾಗ ಹಿಂದೆ ಸರಿದಿದ್ದಳೋ ಅವಳಿಗೇ ಗೊತ್ತಿರಲಿಲ್ಲ. ಸೆರಗು ಕೂಡ ತಲೆಯ ಮೇಲೆ ಬಂದಿತ್ತು.