ಹಿಂಬದಿಯ ಬೋಲ್ಟು

ವ್ಯಾನಿನ ಎಂಜಿನ್ನನ್ನು ಹಿಡಿದಿದ್ದದ್ದು ಇನ್ನು ಒಂದೇ ಬೋಲ್ಟು. ಅದು ಹಿಂಬದಿಯಲ್ಲಿ, ಗೇರ್‌ಬಾಕ್ಸಿನ ನೆತ್ತಿಯ ಮೇಲೆ, ಕಣ್ಣಿಗೆ ಕಾಣದ ಜಾಗದಲ್ಲಿತ್ತು. ನೇರ ಸ್ಪ್ಯಾನರ್ ಯಾವುದೂ ಅಲ್ಲಿಗೆ ಹೋಗುತ್ತಿರಲಿಲ್ಲ.

"ಅಣ್ಣ ಇದಕ್ಕಂತಲೇ ಒಂದನ್ನ ಕಾಸಿ ಬಗ್ಗಿಸಿಕೊಂಡಿದ್ದ," ಎಂದ ಅವಳ ಮೈದುನ, ಮಸಿ ಒರೆಸಿಕೊಳ್ಳುತ್ತ. ಅವನ ದಪ್ಪ ತೋಳು ಆ ಸಂದಿಯಲ್ಲಿ ಅರ್ಧಕ್ಕೇ ಸಿಕ್ಕಿಕೊಂಡಿತ್ತು.

ಶೆಡ್ಡಿನ ಗೋಡೆಯ ಮೇಲೆ ಅವಳ ಗಂಡ ಪ್ರತಿಯೊಂದು ಸಲಕರಣೆಯ ಸುತ್ತ ಬಿಳಿ ಬಣ್ಣದಲ್ಲಿ ಗೆರೆ ಎಳೆದಿದ್ದ. ತೆಗೆದದ್ದನ್ನು ಅಲ್ಲೇ ತೂಗುಹಾಕಬೇಕು. ದೇವರೇ ಬಂದು ಕೇಳಿದರೂ ಅದೇ ಕಾನೂನು. ಎಲ್ಲವೂ ತಮ್ಮ ತಮ್ಮ ಗೆರೆಯೊಳಗಿದ್ದವು. ಒಂದು ಸೊಟ್ಟ ಗೆರೆಯೊಳಗೆ ಮಾತ್ರ ಬರೀ ಗೋಡೆ.

ಬೆಳಗಿನಿಂದ ಅವಳು ಡಬ್ಬ, ಚೀಲ, ಅಟ್ಟ ಎಲ್ಲ ಜಾಲಾಡಿದ್ದಳು.

"ಅತ್ತಿಗೆ, ಜೊತೆಗೇ ತಗೊಂಡು ಹೋಗಿದಾನೆ ಬಿಡಿ. ಅಲ್ಲೂ ಯಾರದೋ ಗಾಡಿ ಬಿಚ್ಚಿ ಹಾಕ್ಕೊಂಡು ಕೂತಿರ್ತಾನೆ."

"ಇದನ್ನ ಮುಗಿಸಿ ಹೋಗಬಾರದಿತ್ತಾ?"

ಎಂಜಿನ್ ಎತ್ತಿ ರಿಪೇರಿ ಮಾಡುವ ಈ ಕೆಲಸ ಶುರು ಮಾಡಿದವನು ಗಂಡನೇ. ಒಂದು ಮಧ್ಯಾಹ್ನ, "ಎದೆ ಯಾಕೋ ಹಿಡಿದಂಗಿದೆ, ಒಂದು ಗಳಿಗೆ ಮಲಗ್ತೀನಿ" ಎಂದು ಕೈ ತೊಳೆದು ಒಳಗೆ ಹೋದವನು ಮತ್ತೆ ಏಳಲಿಲ್ಲ. ಅಂದಿನಿಂದ ಶೆಡ್ಡಿಗೆ ಬೀಗ. ಹೋಟೆಲಿನ ಬಟ್ಟೆ ಒಗೆದು ಕೊಡುವ ಅವಳ ಕೆಲಸ ಬಾಡಿಗೆ ಗಾಡಿಯ ಮೇಲೆ ಕುಂಟುತ್ತಿತ್ತು. ಸೋಮವಾರದಿಂದ ಸ್ವಂತ ವ್ಯಾನು ಓಡದಿದ್ದರೆ ಆ ಕೆಲಸವೂ ಬೇರೆಯವರ ಪಾಲು.

"ಕಟರ್ ಹಾಕಿ ಕೊಯ್ದುಬಿಡ್ಲಾ?"

"ಗೇರ್‌ಬಾಕ್ಸೂ ಹಾಳಾಗುತ್ತೆ. ನೆಗಡಿ ಬಂತು ಅಂತ ಮೂಗು ಕೊಯ್ಕೊಳ್ತಾರೇನೋ?"

ತೊಲೆಯಿಂದ ಇಳಿಬಿಟ್ಟ ಚೈನಿಗೆ ಕಟ್ಟಿದ್ದ ಎಂಜಿನ್ನನ್ನು ಅವಳು ಸಿಟ್ಟಿನಲ್ಲಿ ಅಲ್ಲಾಡಿಸಿದಳು. ಅದು ನಿಂತ ಮೇಲೆ ಒಳಗೆಲ್ಲೋ ಟಣ್ ಎಂದಿತು.

ಅವಳು ಮತ್ತೆ ಅಲ್ಲಾಡಿಸಿದಳು. ಒಂದು ಕ್ಷಣ ತಡೆದು, ಟಣ್. ಕರೆದರೆ ಒಳಕೋಣೆಯಿಂದ ಓಗೊಡುವವರ ಹಾಗೆ.

"ಬೇಡ ಅತ್ತಿಗೆ," ಮೈದುನನ ದನಿ ಇಳಿದಿತ್ತು. "ನಂಗ್ಯಾಕೋ ಇದು ಸರಿ ಕಾಣ್ತಿಲ್ಲ."

ಗಂಡ ಹೇಗೆ ಮಾಡುತ್ತಿದ್ದ? ಮಡ್‌ಗಾರ್ಡಿನ ಮೇಲೆ ಎದೆಯಿಟ್ಟು, ಮುಂದಿನ ಗಾಜಿಗೆ ಕೆನ್ನೆ ಒತ್ತಿ, ಕಣ್ಣು ಮುಚ್ಚಿ. 'ಕಣ್ಣು ಬಿಟ್ಟರೆ ಕೈ ಸೋಮಾರಿಯಾಗುತ್ತೆ ಕಣೇ' ಎನ್ನುತ್ತಿದ್ದ. ಅವಳು ಹಾಗೇ ಬೋರಲಾದಳು. ಗಾಜಿನ ಧೂಳಿನಲ್ಲಿ ಒಂದು ಜಿಡ್ಡಿನ ಗುರುತಿತ್ತು. ಅವಳ ಕೆನ್ನೆ ಅದರ ಮೇಲೇ ಕೂತಿತು. ಕೈ ಇಳಿಸಿದಳು. ತಗಡು, ಪೈಪು, ಆಮೇಲೆ ಬಟ್ಟೆ ಸುತ್ತಿದ ಹಿಡಿ. ಸ್ಪ್ಯಾನರ್ ಬೋಲ್ಟಿನ ತಲೆಗೆ ಸಿಕ್ಕಿಸಿದ ಹಾಗೇ ಇತ್ತು. ಒತ್ತಿ ಒತ್ತಿ ಬಟ್ಟೆಯಲ್ಲಿ ಬೆರಳಿನ ಹಳ್ಳ ಬಿದ್ದಿದ್ದವು. ಅವಳ ಬೆರಳು ಅವುಗಳಲ್ಲಿ ಸಡಿಲವಾಗಿ ಕೂತವು.

"ಸಿಕ್ತಾ?"

"ಸಿಕ್ತು. ಹಾಕೇ ಇಟ್ಟಿದಾರೆ."

ಮೈದುನ ಒಂದು ಹೆಜ್ಜೆ ಹಿಂದೆ ಸರಿದ.

ತಿರುಗಿಸಿದರೆ ಅವನು ಬಿಟ್ಟುಹೋದ ಕೆಲಸ ಮುಗಿಯುತ್ತದೆ. ತಿರುಗಿಸದಿದ್ದರೆ, ಅವನು ಇನ್ನೂ ಒಳಗೆ ಒಂದು ಗಳಿಗೆ ಮಲಗಿರುವವನೇ.

"ಅತ್ತಿಗೆ?"

"ಚೈನು ಹಿಡ್ಕೋ."

ಹಲ್ಲು ಕಚ್ಚಿ ಒತ್ತಿದಳು. ಅಷ್ಟು ಬಲ ಬೇಕಿರಲಿಲ್ಲ. ಬಿಗಿ ಬಿಡಿಸುವ ಕೆಲಸ ಅವನು ಆಗಲೇ ಮಾಡಿಟ್ಟಿದ್ದ. ಬೋಲ್ಟು ಬೆಣ್ಣೆಯಿಂದ ಕೂದಲು ಬಂದ ಹಾಗೆ ಅಂಗೈಗೆ ಬಂತು.

ಮೈದುನ ಚೈನು ಎಳೆದ. ಎಂಜಿನ್ ಒಮ್ಮೆ ತೂಗಿ ಮೇಲೆದ್ದಿತು. ಭಾರ ಹೋದ ವ್ಯಾನಿನ ಮೂತಿ ಸ್ಪ್ರಿಂಗಿನ ಮೇಲೆ ಮೆಲ್ಲಗೆ ಏಳತೊಡಗಿತು, ಒಳಗಿಂದ ಯಾರೋ ಇಳಿದುಹೋದ ಹಾಗೆ.

ಇಬ್ಬರೂ ಶೆಡ್ಡಿನ ಬಾಗಿಲ ಕಡೆ ತಿರುಗಿ ನೋಡಿದರು.