ಗೇಟಿನಡಿಯ ದಾರಿ

ಕುಂಬ್ರದಲ್ಲಿ ಸಿನಿಯ ಅಕ್ಕನ ಹೊಸ ಮನೆಯ ಒಕ್ಕಲು. ಆಲಂಕಾರಿನಿಂದ ಸಿನಿಯೂ ಅವಳ ಗಂಡ ರೋಬಿನನೂ ಬೆಳಿಗ್ಗೆಯೇ ಸ್ಕೂಟರಿನಲ್ಲಿ ಹೊರಟಿದ್ದರು. ರೋಬಿನನ ತಮ್ಮ ಜೈಸನ್ ಅಡುಗೆಯ ಪಾತ್ರೆಗಳನ್ನು ಪಿಕಪ್ಪಿಗೆ ಹೇರಿಕೊಂಡು ಹಿಂದಿನಿಂದ ಬರುತ್ತಿದ್ದ.

ನರಿಮೊಗರಿನ ಸಮೀಪ ರೈಲ್ವೆ ಗೇಟು ಹಾಕಿತ್ತು. ಸ್ವಲ್ಪ ಹೊತ್ತು ಕಾದರೂ ರೈಲಿನ ಸುಳಿವಿಲ್ಲ. ಮುಂದಿದ್ದ ಇಬ್ಬರು ಬೈಕು ವಾಲಿಸಿ, ತಲೆ ತಗ್ಗಿಸಿ, ಗೇಟಿನ ಅಡಿಯಿಂದ ದಾಟಿ ಹೋದರು. ಅಲ್ಲಿ ಅದು ದಿನವೂ ನಡೆಯುವ ಸಂಗತಿ. ರೋಬಿನ್ ಹೆಂಡತಿಗೆ ಇಳಿಯಲು ಹೇಳಿದ. ಇಳಿದ ಅವಳು ರೈಲು ಹೋಗಲಿ ಎಂದು ತಡೆದಳು. ಪ್ರಾರ್ಥನೆ ಶುರುವಾಗುವುದರೊಳಗೆ ಮುಟ್ಟಬೇಡವೇ ಎಂದು ಅವನು ಸ್ಕೂಟರನ್ನು ಅಡಿಗೆ ತೂರಿಸಿಯೇಬಿಟ್ಟ.

ಗೇಟ್‌ಕೀಪರ್ ಅಚ್ಚುತ ಕೆಂಪು ಬಾವುಟ ಹಿಡಿದು ಕೋಣೆಯಿಂದ ಓಡಿ ಬಂದ. ಅಷ್ಟರಲ್ಲಿ ಮುಂಚಕ್ರ ಹಳಿಯ ಬದಿಯ ಸಂದಿಗಿಳಿದು ಸಿಕ್ಕಿಕೊಂಡಿತ್ತು. ತಿರುವಿನಾಚೆ ರೈಲು ಕೂಗಿತು.

"ಗಾಡಿ ಬಿಡಿ ಮಾರಾಯ್ರೆ, ಬಿಟ್ಟು ಓಡಿ" ಎಂದು ಅಚ್ಚುತ ಅರಚಿದ.

ರೋಬಿನ್ ಬಿಡಲಿಲ್ಲ. ಹಳಿಗೆ ಕಾಲು ಕೊಟ್ಟು ಹ್ಯಾಂಡಲನ್ನು ಜಗ್ಗಿದ. ಇನ್ನೊಮ್ಮೆ ಜಗ್ಗಿದ.

ರೈಲು ನಿಂತದ್ದು ಎಷ್ಟೋ ಮುಂದೆ ಹೋಗಿ. ಸ್ಕೂಟರು ಮುದ್ದೆಯಾಗಿ ಚರಂಡಿಯಲ್ಲಿತ್ತು. ರೋಬಿನನ ದೇಹ ಒಂದೇ ಕಡೆ ಇರಲಿಲ್ಲ. ಸಿನಿಯ ಸೀರೆಗೂ ಕೆನ್ನೆಗೂ ರಕ್ತ ಸಿಡಿದಿತ್ತು. ಅದನ್ನು ಒರೆಸಬೇಕೆಂದೂ ಅವಳಿಗೆ ತೋಚಲಿಲ್ಲ.

ಪಿಕಪ್ಪು ಬಂದು ತಲುಪಿದಾಗ ಜನ ಸೇರಿದ್ದರು. ಗೇಟು ತೆರೆದಿಟ್ಟು ಗೇಟ್‌ಕೀಪರ್ ಮಲಗಿದ್ದನಂತೆ ಎಂದು ಯಾರೋ ಜೈಸನನಿಗೆ ಹೇಳಿದರು. ಅಣ್ಣನ ಮುಖ ಕಂಡವನಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಅವನು ಅಚ್ಚುತನನ್ನು ಕೊರಳಪಟ್ಟಿ ಹಿಡಿದು ಕೋಣೆಯಿಂದ ಎಳೆದು, ಯಾರದೋ ಹೆಲ್ಮೆಟಿನಿಂದ ಮುಖಕ್ಕೆ ಬಡಿದ. ಬಿದ್ದವನನ್ನು ಉಳಿದವರು ಒದ್ದರು. ತಲೆಗೆ ಅಡ್ಡ ಹಿಡಿದ ಕೈಯ ಮೂಳೆ ಲಟ್ಟನೆ ಮುರಿದ ಸದ್ದು ಹತ್ತಿರವಿದ್ದವರಿಗೆಲ್ಲ ಕೇಳಿಸಿತು. ಆದರೂ ಯಾರೂ ನಿಲ್ಲಿಸಲಿಲ್ಲ.

ನಿಲ್ಲಿಸಿದ್ದು ಸಿನಿ. ಜನರ ನಡುವೆ ನುಗ್ಗಿ ಅವನ ಮೇಲೆ ಅಡ್ಡಬಿದ್ದಳು. ಒಂದು ಒದೆ ಅವಳ ಬೆನ್ನಿಗೂ ಬಿತ್ತು.

"ಗೇಟು ಹಾಕಿಯೇ ಇತ್ತು, ಜೈಸಾ. ನಿನ್ನ ಅಣ್ಣ ಅಡಿಯಿಂದ ನುಗ್ಗಿದ್ದು. ಇವರು ಬೇಡ ಬೇಡ ಅಂತ ಓಡಿ ಬಂದದ್ದು ನಾನೇ ನೋಡಿದ್ದೇನೆ."

"ಅಷ್ಟು ಹೊತ್ತು ಗೇಟು ಹಾಕಿ ಕೂತರೆ ಜನ ಎಂತ ಮಾಡುದು?" ಜೈಸನ್ ಅಳುತ್ತಾ ಕೇಳಿದ.

"ಕಾಯುದು," ಎಂದಳು ಸಿನಿ.

ಅವನ ಕೈಯಲ್ಲಿದ್ದ ಹೆಲ್ಮೆಟು ಕೆಳಗೆ ಬಿತ್ತು. ಒದ್ದವರು ಒಬ್ಬೊಬ್ಬರಾಗಿ ಹಿಂದೆ ಸರಿದರು.

ಅಣ್ಣನನ್ನು ಮಣ್ಣು ಮಾಡಿದ ಮೇಲೆ ಜೈಸನ್ ಪೊಲೀಸರ ಮುಂದೆ ತಾನು ಹೊಡೆದದ್ದನ್ನು ಒಪ್ಪಿಕೊಂಡ. ಕೇಸಾಯಿತು, ಜಾಮೀನು ಸಿಕ್ಕಿತು. ಪುತ್ತೂರಿನ ಆಸ್ಪತ್ರೆಗೆ ಹೋಗಿ ಅಚ್ಚುತನ ಕ್ಷಮೆ ಕೇಳಿದ. ದವಡೆಗೆ ಕಟ್ಟು ಹಾಕಿಸಿಕೊಂಡಿದ್ದ ಅಚ್ಚುತ ಗೋಡೆಯ ಕಡೆಗೆ ಹೊರಳಿ ಮಲಗಿದ. ಜೈಸನ್ ಹಾಗೇ ಮರಳಿದ.

ಕೆಲವು ವಾರಗಳ ಬಳಿಕ ಅವನ ಪಿಕಪ್ಪು ಅದೇ ಗೇಟಿನ ಮುಂದೆ ನಿಂತಿತು. ಕೋಣೆಯಲ್ಲಿ ಬೇರೆ ಗೇಟ್‌ಕೀಪರ್ ಇದ್ದ. ಪಕ್ಕದಲ್ಲಿ ರೂಪೇಶನೆಂಬ ಗಟ್ಟಿಮುಟ್ಟಾದ ಯುವಕ ಬೈಕು ವಾಲಿಸಿ ಗೇಟಿನ ಅಡಿಗೆ ತಲೆ ತಗ್ಗಿಸಿದ. ಜೈಸನ್ ಇಳಿದು ಓಡಿ ಬೈಕಿನ ಹಿಂದಿನ ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದ.

"ಬಿಡು. ನಿನಗೆ ಎಂತ ಉಂಟು ಇದರಲ್ಲಿ?" ಎಂದ ರೂಪೇಶ.

ಜೈಸನ್ ಹಿಡಿಕೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದ. ರೂಪೇಶ ಕೆನ್ನೆಗೆ ಬಾರಿಸಿದ. ಮತ್ತೆ ಮುಷ್ಟಿಯಿಂದ ಗುದ್ದಿದ. ತುಟಿ ಒಡೆದು ಅಂಗಿಯ ಮೇಲೆ ರಕ್ತ ಇಳಿಯಿತು. ಜೈಸನ್ ತಿರುಗಿ ಕೈ ಎತ್ತಲಿಲ್ಲ, ಹಿಡಿತವನ್ನೂ ಸಡಿಲಿಸಲಿಲ್ಲ. ಮೂರನೆಯ ಏಟಿಗೆ ರೂಪೇಶ ಕೈ ಎತ್ತಿದ್ದಾಗಲೇ ತಿರುವಿನಿಂದ ರೈಲು ನುಗ್ಗಿ ಬಂತು. ನೆಲ ಅದುರಿತು. ಬೋಗಿಗಳ ಗಾಳಿ ಇಬ್ಬರ ಮುಖಕ್ಕೂ ರಾಚಿತು.

ರೈಲು ಹೋಯಿತು, ಗೇಟು ಮೇಲಕ್ಕೆದ್ದಿತು. ಹಿಂದಿನ ವಾಹನಗಳು ಹಾರ್ನ್ ಹೊಡೆಯತೊಡಗಿದವು. ರೂಪೇಶ ಎತ್ತಿದ್ದ ಕೈಯನ್ನು ನಿಧಾನವಾಗಿ ಇಳಿಸಿದ.

"ಇನ್ನು ಬಿಡಿ ಅಣ್ಣ," ಎಂದ ಅವನು. "ರೈಲು ಹೋಯಿತು."

ಜೈಸನನ ಬೆರಳುಗಳು ಮರಗಟ್ಟಿದ್ದವು. ರೂಪೇಶನೇ ಅವನ್ನು ಒಂದೊಂದಾಗಿ ಬಿಡಿಸಬೇಕಾಯಿತು.