ಲಾಭ, ಎರಡು, ಮೂರು

ಫೋನಿಗೆ ಎಂಟು ಸಾವಿರ. ಅದನ್ನು ಮಂಡಿಯ ಕಂಬಕ್ಕೆ ಸಿಕ್ಕಿಸಲು ತಂದ ಸ್ಟ್ಯಾಂಡಿಗೆ ಮುನ್ನೂರು. ಭತ್ತದ ಧೂಳು ಕೂರದಂತೆ ಸುತ್ತಿದ ಪ್ಲಾಸ್ಟಿಕ್ ಕವರು ಬಿಟ್ಟಿ. ಮನೆಯ ಮಹಡಿಯಲ್ಲಿ ಕೂತು ಪ್ರೋಗ್ರಾಂ ಬರೆದ ಸಂಜೆಗಳಿಗೆ ಸೌಜನ್ಯ ಬೆಲೆ ಕಟ್ಟಿರಲಿಲ್ಲ. ಹೊಳೆನರಸೀಪುರದ ಈ ಮಂಡಿ ಒಪ್ಪಿದರೆ ಚನ್ನರಾಯಪಟ್ಟಣದ ಮಂಡಿಗಳೂ ಒಪ್ಪುತ್ತವೆ, ಖರ್ಚು ಅಲ್ಲಿ ಗಿಟ್ಟುತ್ತದೆ ಎಂದುಕೊಂಡಿದ್ದಳು.

ಉಪಾಯ ಸರಳ. ಲಾರಿಗೆ ಚೀಲ ಏರುವಾಗ ಮಂಡಿಯ ಆಳು ತಮ್ಮಯ್ಯ ಪಕ್ಕದಲ್ಲಿ ನಿಂತು ಕೂಗಿ ಎಣಿಸುತ್ತಾನೆ. ಹತ್ತಾದರೆ ಮತ್ತೆ ಮೊದಲಿನಿಂದ. ಫೋನು ಅದನ್ನು ಕೇಳಿಸಿಕೊಂಡು ಕೂಗಿಗೊಂದು ಚೀಲದಂತೆ ಕೂಡಿಸಬೇಕು. ಧೂಳು ಹಿಡಿದ ಕೈಗೆ ಗಾಜು ಒತ್ತುವ ಕೆಲಸ ಕೊಡಬಾರದು ಎಂಬುದು ಸೌಜನ್ಯಳ ಹಟ.

ಮೊದಲ ಲೋಡಿಗೇ ಫೋನು ನೂರ ಎಂಬತ್ತು ಅಂದಿತು. ಲಾರಿಯಲ್ಲಿದ್ದದ್ದು ಇನ್ನೂರು.

"ಇಪ್ಪತ್ ಚೀಲ ನಿನ್ ಫೋನೇ ತಿನ್ಕತೇನವ್ವಾ?" ಮಂಡಿಯ ಯಜಮಾನ ಪರಮೇಶ್ ನಕ್ಕ. ನಗುತ್ತಲೇ ಹೇಳಿಬಿಟ್ಟ: "ಮಧ್ಯಾನ್ನ ಇನ್ನೊಂದ್ ಲಾರಿ ಬತ್ತೈತೆ. ಅದೂ ಇಂಗೇ ಆದ್ರೆ ಫೋನ್ ಬಿಚ್ಕಂಡ್ ಓಗ್ಬುಡು. ಬ್ಯಾಸರ ಮಾಡ್ಕಬ್ಯಾಡ."

ಸೌಜನ್ಯ ಲ್ಯಾಪ್‌ಟಾಪನ್ನು ಒಂದು ಚೀಲದ ಮೇಲಿಟ್ಟುಕೊಂಡು ಬೆಳಗಿನ ದನಿಯನ್ನು ಮತ್ತೆ ಕೇಳಿದಳು. "ಲಾಭ... ಎರಡು... ಮೂರು..." ಹತ್ತಾದ ಮೇಲೆ ಮತ್ತೆ "ಲಾಭ". ತಮ್ಮಯ್ಯ ಎಲ್ಲೂ ಒಂದು ಎಂದಿರಲಿಲ್ಲ; ಫೋನಿಗೆ ಹತ್ತಕ್ಕೊಂದು ಚೀಲ ತಪ್ಪಿತ್ತು. ಅವಳ ಅಜ್ಜಿ ಸೇರಿನಲ್ಲಿ ರಾಗಿ ಅಳೆಯುವಾಗಲೂ ಮೊದಲ ಸೇರಿಗೆ ಲಾಭ ಎಂದೇ ಅನ್ನುತ್ತಿದ್ದಳು. ಕೇಳಿ ಕೇಳಿ ಆ ಮಾತು ಸೌಜನ್ಯಳ ಕಿವಿಗೆ ಬೀಳುವುದೇ ನಿಂತುಹೋಗಿತ್ತು. ಮನೆಯಲ್ಲಿ ಪರೀಕ್ಷೆ ಮಾಡಿದ್ದು ತನ್ನ ದನಿಯಲ್ಲಿ, ಮಗ್ಗಿ ಒಪ್ಪಿಸಿದ ಹಾಗೆ.

"ತಮ್ಮಯ್ಯಣ್ಣ, ಒಂದು ಅಂತ ಅಂದ್ರೆ ಆಗಲ್ವಾ?"

"ಅದ್ಕೇನವ್ವ, ಅಂದ್ರಾತು." ಒಳಗೆ ಚೀಲ ಪೇರಿಸುತ್ತಿದ್ದ ಭೀಮನ ಮುಂದೆ ನಿಂತು ಎಣಿಸಿ ನೋಡಿದ. "ಲಾ... ಅಲ್ಲ ಅಲ್ಲ, ಒಂದು!"

"ನೀನ್ ತಿದ್ಕಳಗಂಟ ನನ್ ಬೆನ್ ಮ್ಯಾಲೆ ಚೀಲ ಐತೆ ಕಣಣ್ಣೋ!" ಭೀಮ ಕೂಗಿದ.

ಸೌಜನ್ಯ ಅದನ್ನು ಅಲ್ಲಿಗೇ ಬಿಟ್ಟಳು. ಕುಡುಗೋಲಿನ ಹಿಡಿ ಅಂಗೈಗೆ ಒತ್ತಿದರೆ ಯಾರಾದರೂ ಹಿಡಿಯನ್ನೇ ತಾನೇ ಹೆರೆಯುವುದು? ಲಾಭ ಎಂದರೂ ಒಂದೇ ಎಂದು ಪ್ರೋಗ್ರಾಮಿಗೆ ಸೇರಿಸಿದಳು.

ಸ್ವಲ್ಪ ಹೊತ್ತಿಗೆ ನೋಡಿದರೆ ಒಂದು ಚೀಲವೂ ಅಲುಗದೆ ಫೋನು ಮೂರು ತೋರಿಸುತ್ತಿದೆ. ಗದ್ದಿಗೆಯ ಮೇಲೆ ಪರಮೇಶ್ ಯಾರೊಂದಿಗೋ ಮೊಬೈಲಿನಲ್ಲಿ ಗೋಳಾಡುತ್ತಿದ್ದ: "ಲಾಭ ಎಲ್ಲೈತೆ ಮಾರಾಯ? ಲಾಭಾನೂ ಇಲ್ಲ, ಗೀಭಾನೂ ಇಲ್ಲ. ಲಾಭ ನೋಡಿ ವರ್ಸಾತು!"

"ಯಜಮಾನ್ರು ಬಾಯಲ್ಲೇ ಲಾರಿ ತುಂಬುಸ್ಬುಟ್ರಲ್ಲಪ್ಪ," ಎಂದ ತಮ್ಮಯ್ಯ. ಪರಮೇಶನಿಗೂ ನಗು ತಡೆಯಲಾಗಲಿಲ್ಲ.

ಮಂಡಿಯಲ್ಲಿ ಈ ಮಾತನ್ನು ಯಾರಾದರೂ ಆಡದೆ ಇರುತ್ತಾರೆಯೇ? ಸೌಜನ್ಯ ಮತ್ತೆ ಕೂತಳು. ಲಾಭದ ಬೆನ್ನಿಗೇ ಎರಡು ಬಂದರೆ ಮಾತ್ರ ಅದು ಚೀಲ. ಇಲ್ಲದಿದ್ದರೆ ಬರೀ ಮಾತು. ಕೊನೆಯಲ್ಲಿ ಬಿಡಿ ಚೀಲ ಒಂದೇ ಉಳಿದು ಎರಡು ಬಾರದಿದ್ದರೆ, ಚೀಲವೋ ಮಾತೋ ಎಂದು ಫೋನು ಬಾಯಿಬಿಟ್ಟು ಕೇಳಲಿ. ಅಷ್ಟು ಬರೆದು ಮುಗಿಸುವಷ್ಟರಲ್ಲಿ ಲಾರಿ ಹಿಮ್ಮುಖವಾಗಿ ಬಂದು ನಿಂತಿತು.

ತಮ್ಮಯ್ಯ ತನ್ನ ರಾಗದಲ್ಲೇ ಕೂಗಿದ. ನಡುವೆ ಕೆಮ್ಮಿದ, ಡ್ರೈವರನ್ನು ಬೈದ, ಮತ್ತೆ ಎಣಿಕೆ ಹಿಡಿದ. ಲೋಡು ಮುಗಿಯುವವರೆಗೆ ಒಬ್ಬರೂ ಫೋನಿನ ಕಡೆ ತಿರುಗಿ ನೋಡಲಿಲ್ಲ. ಸೌಜನ್ಯಳಿಗೆ ಅದೊಂದು ಹಿತವೆನಿಸಿತು. ಇದೆಯೆಂಬುದನ್ನೇ ಮರೆತು ಜನ ದುಡಿಯುವುದಾದರೆ ಸಾಧನಕ್ಕೆ ಇನ್ನೇನು ಬೇಕು?

ಪರಮೇಶ್ ಲಾರಿ ಹತ್ತಿ ಚೀಲ ಮುಟ್ಟಿ ಮುಟ್ಟಿ ಲೆಕ್ಕ ನೋಡಿದ. ನೂರ ಅರವತ್ತು. ಫೋನಿನಲ್ಲೂ ಅಷ್ಟೇ.

"ಇರ್ಲಿ ಬುಡವ್ವ, ಅಲ್ಲೇ ನೇತಾಡ್ಕಂಡಿರ್ಲಿ," ಎಂದ.

ಸೌಜನ್ಯಳಿಗೆ ಮಧ್ಯಾಹ್ನದ ಊಟ ತಪ್ಪಿತು. ಮಂಡಿ ಸಿಕ್ಕಿತು.